ಮನಸ್ಸಿಗೆ ಬುದ್ಧಿ ಹೇಳಬೇಡಿ, ಮೈಯನ್ನು ಸಡಿಲಬಿಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮಹಾಭಾರತದ ಉದ್ಯೋಗಪರ್ವದಲ್ಲಿ ಒಂದು ರಾತ್ರಿ ಧೃತರಾಷ್ಟ್ರನಿಗೆ ನಿದ್ದೆಯೇ ಹತ್ತುವುದಿಲ್ಲ. ಪಾಂಡವರ ಬಳಿಗೆ ಹೋಗಿದ್ದ ಸಂಜಯ ವಾಪಸ್ಸು ಬಂದಿದ್ದಾನೆ. ಆದರೆ ಅವರು ಹೇಳಿ ಕಳಿಸಿದ್ದನ್ನು ನಾಳೆ ಸಭೆಯಲ್ಲೇ ಹೇಳುತ್ತೇನೆ ಅಂದುಬಿಟ್ಟು ಮನೆಗೆ ಹೊರಟುಹೋಗಿದ್ದಾನೆ. ಆ ಚಿಂತೆ ನನ್ನ ಅಂಗಾಂಗಗಳನ್ನೆಲ್ಲ ಸುಡುತ್ತಿದೆ ಎಂದು ರಾಜ ವಿದುರನನ್ನು ಕರೆಸಿ ಹೇಳಿಕೊಳ್ಳುತ್ತಾನೆ. ಬಲಶಾಲಿಯ ಹಗೆ ಕಟ್ಟಿಕೊಂಡ ದುರ್ಬಲನಿಗೆ, ಆಸ್ತಿ ಕಳೆದುಕೊಂಡವನಿಗೆ, ಕಾಮುಕನಿಗೆ, ಕಳ್ಳನಿಗೆ ನಿದ್ದೆ ಬರುವುದಿಲ್ಲವಂತೆ, ನಿನ್ನದು ಇದರಲ್ಲಿ ಯಾವುದು ಎಂದು ವಿದುರ ನೇರವಾಗಿಯೇ ಕೇಳುತ್ತಾನೆ. ಆಮೇಲೆ ನೀತಿ ಹೇಳಲು ಶುರುಮಾಡುತ್ತಾನೆ. ಒಂದೊಂದು ಮಾತೂ ಬಂಗಾರ. ಆದರೆ ರಾಜನಿಗೆ ಮಾತ್ರ ಬೆಳಗಿನವರೆಗೂ ಜಾಗರಣೆ.

ಇವತ್ತು ನಾನು ಹೇಳಹೊರಟಿರುವುದೂ ಇದನ್ನೇ. ನಡುರಾತ್ರಿಯಲ್ಲಿ ಮನಸ್ಸಿಗೆ ಬುದ್ಧಿ ಹೇಳಿ ಮಲಗಿಸಲು ಆಗುವುದಿಲ್ಲ. ‘ಯೋಚನೆ ಬಿಡು, ಮಲಗು’ ಅಂದಷ್ಟೂ ಅದು ಇನ್ನಷ್ಟು ಎಚ್ಚರವಾಗುತ್ತದೆ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತೇವೆ. ಒಪ್ಪಿದೆ. ಚಿಂತೆ ಇರುವವರ ಗತಿಯೇನು? ಮಗಳ ಮದುವೆ, ಬ್ಯಾಂಕಿನ ಕಂತು, ಒಣಗುತ್ತಿರುವ ಬೋರ್‌ವೆಲ್ ಇವೆಲ್ಲ ರಾತ್ರಿ ಹತ್ತು ಗಂಟೆಗೆ ಮಾಯವಾಗುವಂಥವಲ್ಲ. ಅವು ಇದ್ದಲ್ಲೇ ಇರಲಿ. ನಾವು ಮೈಯ ಕಡೆಯಿಂದ ಬರೋಣ.

ಅಮೆರಿಕದ ಷಿಕಾಗೋದಲ್ಲಿ ಎಡ್ಮಂಡ್ ಜೇಕಬ್ಸನ್ ಎಂಬ ವೈದ್ಯರಿದ್ದರು. ಸ್ನಾಯುಗಳ ಬಿಗಿತದ ಮೇಲೆ ದಶಕಗಟ್ಟಲೆ ಕೆಲಸ ಮಾಡಿ, 1929ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದರು. ಸ್ನಾಯುಗಳಲ್ಲಿ ಹರಿಯುವ ಅತಿ ಸಣ್ಣ ವಿದ್ಯುತ್ತನ್ನು ಅಳೆಯುತ್ತಿದ್ದ ಅವರಿಗೆ ಒಂದು ಸೋಜಿಗ ಕಂಡಿತು. ಮಲಗಿದ್ದವರು ತೋಳು ಮಡಚಿದ ಹಾಗೆ ಬರೀ ಕಲ್ಪಿಸಿಕೊಂಡರೂ ಸಾಕು, ಆ ತೋಳಿನ ಸ್ನಾಯು ಮಿಡಿಯುತ್ತಿತ್ತು. ಅಂದರೆ ಹಾಸಿಗೆಯಲ್ಲಿ ಬಿದ್ದುಕೊಂಡು ನಾಳಿನ ಜಗಳವನ್ನು ಇವತ್ತೇ ಮನಸ್ಸಿನಲ್ಲಿ ಆಡುವಾಗ ಮೈಯೂ ಸುಮ್ಮನಿರುವುದಿಲ್ಲ. ಹಾಗಾದರೆ ಸ್ನಾಯುವನ್ನು ಸಡಿಲಿಸಿದರೆ ಮನಸ್ಸೂ ಇಳಿಯುತ್ತದೆ ಎಂಬುದು ಅವರ ವಾದ. ಇದು ನಮಗೆ ತೀರಾ ಹೊಸದಲ್ಲ. ಶವಾಸನ ದಣಿವನ್ನು ಕಳೆಯುತ್ತದೆ, ಚಿತ್ತಕ್ಕೆ ವಿಶ್ರಾಂತಿ ಕೊಡುತ್ತದೆ ಎಂದು ಹಠಯೋಗಪ್ರದೀಪಿಕೆಯಲ್ಲಿದೆ. ಆದರೆ ‘ಮೈ ಸಡಿಲ ಬಿಡಿ’ ಅಂದರೆ ಅನೇಕರಿಗೆ ಬಿಡುವುದು ಹೇಗೆಂದೇ ತಿಳಿಯುವುದಿಲ್ಲ. ಜೇಕಬ್ಸನ್ ಹಿಡಿದ ದಾರಿ ಅಂಥವರಿಗೆ: ಮೊದಲು ಬಿಗಿ ಮಾಡಿ, ಆಮೇಲೆ ಬಿಡಿ.

ಈಗಲೇ ಮಾಡಿ ನೋಡೋಣ. ಗಾಡಿ ಓಡಿಸುತ್ತಾ ಕೇಳುತ್ತಿರುವವರು ದಯವಿಟ್ಟು ಬರೀ ಕೇಳಿಸಿಕೊಳ್ಳಿ.

ಬಲಗೈ ಮುಷ್ಟಿ ಕಟ್ಟಿ. ಇದ್ದಬದ್ದ ಶಕ್ತಿಯೆಲ್ಲ ಬೇಡ, ಮುಕ್ಕಾಲು ಪಾಲು ಸಾಕು. ಬೆರಳ ಗೆಣ್ಣುಗಳಲ್ಲಿ, ಮಣಿಕಟ್ಟಿನಲ್ಲಿ, ಮೊಣಕೈಯವರೆಗೆ ಎಲ್ಲೆಲ್ಲಿ ಎಳೆದಂತಿದೆ, ಗಮನಿಸಿ. ಇನ್ನೊಂದೆರಡು ಸೆಕೆಂಡು. ಈಗ ಬಿಟ್ಟುಬಿಡಿ, ಥಟ್ಟನೆ.

(ವಿರಾಮ)

ಕೈ ತುಸು ಭಾರವಾಯಿತೇ? ಬೆಚ್ಚಗೆ ಅನ್ನಿಸಿತೇ? ಎಡಗೈಗೂ ಅದಕ್ಕೂ ವ್ಯತ್ಯಾಸ ಗೊತ್ತಾದರೆ ಪಾಠದ ಅರ್ಧ ಮುಗಿಯಿತು. ಹೀಗೆಯೇ ಎಡಗೈ, ಆಮೇಲೆ ಭುಜ. ಭುಜಗಳನ್ನು ಕಿವಿಯ ತನಕ ಏರಿಸಿ ಇಳಿಬಿಡಿ. ಮುಖಕ್ಕೆ ಬಂದಾಗ ಅವಸರ ಮಾಡಬೇಡಿ. ನಮ್ಮ ಬಿಗಿತವೆಲ್ಲ ಮನೆ ಮಾಡಿಕೊಂಡಿರುವುದು ದವಡೆಯಲ್ಲಿ. ಈ ಕ್ಷಣ ನಿಮ್ಮ ಮೇಲ್ಹಲ್ಲು ಕೆಳಹಲ್ಲು ಒಂದಕ್ಕೊಂದು ಕಚ್ಚಿಕೊಂಡಿವೆಯೇ? ನಾಲಗೆ ಅಂಗುಳಕ್ಕೆ ಒತ್ತಿಕೊಂಡಿದೆಯೇ? ಎರಡನ್ನೂ ಬಿಡಿ. ಹುಬ್ಬು ಗಂಟಿಕ್ಕಿ, ಬಿಡಿ. ಆಮೇಲೆ ಹೊಟ್ಟೆ, ತೊಡೆ, ಮೀನಖಂಡ, ಪಾದ. ಮೀನಖಂಡವನ್ನು ಜೋರಾಗಿ ಬಿಗಿದರೆ ಹಿಡಿದುಕೊಂಡು ಬಿಡುತ್ತದೆ, ಮೆಲ್ಲಗೆ ಮಾಡಿ. ನೋವಿರುವ, ಆಪರೇಷನ್ ಆಗಿರುವ ಜಾಗವನ್ನು ಮುಟ್ಟಲೇಬೇಡಿ.

ಇದರ ಜೊತೆಗೆ ಉಸಿರು. ಮೂರು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಉಸಿರು ಬಿಡುವಾಗ ಎದೆಬಡಿತ ತಾನಾಗಿ ನಿಧಾನವಾಗುತ್ತದೆ. ಆದ್ದರಿಂದ ಬಿಡುವ ಉಸಿರನ್ನು ಉದ್ದ ಮಾಡುವುದು.

ಒಂದು ಎಚ್ಚರಿಕೆ. ಇದನ್ನು ಮೊದಲ ಸಲ ಹಾಸಿಗೆಯಲ್ಲೇ ಮಾಡಬೇಡಿ. ಸಂಜೆ, ಮನಸ್ಸು ಆರಾಮಾಗಿರುವಾಗ ಕೆಲವು ದಿನ ರೂಢಿಸಿಕೊಳ್ಳಿ. ಮತ್ತೆ, ಮಾಡುತ್ತಾ ಮಾಡುತ್ತಾ ‘ನಿದ್ದೆ ಬಂತಾ, ಬಂತಾ’ ಎಂದು ನೋಡುತ್ತಿದ್ದರೆ ಅದು ಹತ್ತಿರ ಸುಳಿಯುವುದಿಲ್ಲ. ಮೈ ಹಗುರವಾದರೆ ಸಾಕು ಅಂದುಕೊಳ್ಳಿ.

ಇಷ್ಟು ಮಾಡಿಯೂ ಹೊರಳಾಟ ನಿಲ್ಲದಿದ್ದರೆ? ಎದ್ದುಬಿಡಿ. ರಿಚರ್ಡ್ ಬೂಟ್ಜಿನ್ ಎಂಬ ಮನೋವಿಜ್ಞಾನಿ 1972ರಲ್ಲಿ ಮುಂದಿಟ್ಟ ಸಲಹೆ ಇದು. ಗಂಟೆಗಟ್ಟಲೆ ಎಚ್ಚರವಾಗಿ ಹೊರಳಾಡಿದರೆ ಹಾಸಿಗೆ ಕಂಡರೇ ಎಚ್ಚರವಾಗುವ ಅಭ್ಯಾಸ ಮೈಗೆ ಅಂಟಿಕೊಳ್ಳುತ್ತದೆ. ಸುಮಾರು ಇಪ್ಪತ್ತು ನಿಮಿಷವಾಯಿತು ಅನ್ನಿಸಿದರೆ ಎದ್ದು, ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದ ಮೇಲೆ ಮಲಗಿ. ಗಡಿಯಾರ ನೋಡಬೇಡಿ, ಮೊಬೈಲಂತೂ ಬೇಡವೇ ಬೇಡ. ಐದು ಜನ ಒಂದೇ ಕೋಣೆಯಲ್ಲಿ ಮಲಗುವ ಮನೆಯಲ್ಲಿ ಎಲ್ಲಿಗೆ ಎದ್ದು ಹೋಗೋದು ಸ್ವಾಮಿ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಾಸಿಗೆ ಬಿಟ್ಟು ಪಕ್ಕದಲ್ಲೇ ಗೋಡೆಗೆ ಒರಗಿ ಕೂತರೂ ನಡೆಯುತ್ತದೆ. ರಾತ್ರಿ ಎಷ್ಟೇ ಕೆಟ್ಟಿರಲಿ, ಬೆಳಿಗ್ಗೆ ಏಳುವ ಹೊತ್ತು ಮಾತ್ರ ಬದಲಾಗಬಾರದು.

ಧೃತರಾಷ್ಟ್ರನನ್ನು ಕಾಡಿದ್ದು ‘ನಾಳೆ’. ಅದಕ್ಕೊಂದು ಸಣ್ಣ ಉಪಾಯವಿದೆ. ಅಮೆರಿಕದ ಬೇಯ್ಲರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 57 ಯುವಜನರಿದ್ದರು. ಮಲಗುವ ಮುಂಚೆ ಐದು ನಿಮಿಷ, ಅರ್ಧದಷ್ಟು ಜನ ಮಾಡಿ ಮುಗಿಸಿದ ಕೆಲಸಗಳನ್ನು ಬರೆದರು, ಉಳಿದವರು ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದರು. ಬೇಗ ನಿದ್ದೆ ಹೋದವರು ಮುಂದಿನ ಕೆಲಸ ಬರೆದವರು. ಬಾಕಿ ಕೆಲಸಗಳ ಹೊರೆಯನ್ನು ಕಾಗದಕ್ಕೆ ದಾಟಿಸಿದ ಹಾಗೆ. ಹಾಲಿನ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆಯಾದರೂ ಆದೀತು.

ಕಾಫಿ ಪ್ರಿಯರು ಸಿಟ್ಟಾಗಬಾರದು. ಸಂಜೆ ಕುಡಿದ ಲೋಟದ ಕೆಫೀನಿನಲ್ಲಿ ಅರ್ಧ, ಐದು ಗಂಟೆ ಕಳೆದರೂ ಅನೇಕರ ರಕ್ತದಲ್ಲಿ ಉಳಿದಿರುತ್ತದೆ. ಮಧ್ಯಾಹ್ನದ ಲೋಟವೇ ಕೊನೆಯದಾಗಲಿ. ಮಲಗುವುದಕ್ಕೆ ಒಂದೆರಡು ಗಂಟೆ ಮುಂಚೆ ಬಿಸಿನೀರಿನ ಸ್ನಾನವೂ ಒಳ್ಳೆಯದು. ಕೈಕಾಲಿನ ರಕ್ತನಾಳಗಳು ಹಿಗ್ಗಿ ಮೈಯೊಳಗಿನ ಶಾಖ ಹೊರಬೀಳುತ್ತದೆ, ಒಳಗಿನ ಬಿಸಿ ಇಳಿದಾಗ ಜೋಂಪು ಹತ್ತುತ್ತದೆ.

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳಿಂದ ಹೀಗೇ ನಡೆದಿದ್ದರೆ ವೈದ್ಯರನ್ನು ಕಾಣಲೇಬೇಕು. ಜೋರು ಗೊರಕೆಯ ನಡುವೆ ಉಸಿರು ಕಟ್ಟಿದಂತಾಗುತ್ತದೆ ಎಂದು ಮನೆಯವರು ಹೇಳಿದರೂ ಅಷ್ಟೇ. ಅದು ಬೇರೆಯೇ ಕಾಯಿಲೆ, ಈ ಅಭ್ಯಾಸಗಳಿಂದ ವಾಸಿಯಾಗದು. ಮೆಡಿಕಲ್ ಶಾಪಿನಲ್ಲಿ ಕೇಳಿ ನಿದ್ದೆ ಮಾತ್ರೆ ತರಬೇಡಿ. ಈಗಾಗಲೇ ತಗೊಳ್ಳುತ್ತಿದ್ದರೆ, ನನ್ನ ಮಾತು ಕೇಳಿ ಇವತ್ತೇ ನಿಲ್ಲಿಸಲೂ ಬೇಡಿ, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಮನಸ್ಸು ತೀರಾ ಕಂಗೆಟ್ಟಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ ಬರೆದುಕೊಳ್ಳಿ: 14416. ಇನ್ನೊಮ್ಮೆ, ಒಂದು ನಾಲ್ಕು ನಾಲ್ಕು ಒಂದು ಆರು. ದುಡ್ಡು ಕೊಡಬೇಕಾಗಿಲ್ಲ, ಹಗಲಾಗಲಿ ರಾತ್ರಿಯಾಗಲಿ ಕನ್ನಡದಲ್ಲೇ ಮಾತಾಡಬಹುದು.

ನಮಸ್ಕಾರ.