ಒಂದು ರಾತ್ರಿಯ ಕಥೆಗೆ ಹತ್ತು ನಿಮಿಷದ ವೇದಿಕೆ

ಸಭಾಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಕೊಳ್ಳೇಗಾಲ, ಹನೂರು, ಯಳಂದೂರುಗಳಿಂದ ಬಂದಿರುವ ಗೆಳೆಯರೇ, ವಿದ್ಯಾರ್ಥಿಗಳೇ,

ಶಿವರಾತ್ರಿ ಸಮೀಪಿಸಿದೆ. ಇನ್ನು ಕೆಲವೇ ದಿನಗಳಲ್ಲಿ ಕನಕಪುರ, ರಾಮನಗರದ ಕಡೆಯವರು ಕಾವೇರಿಯನ್ನು ದಾಟಿ, ಕಾಡಿನ ಹಾದಿ ಹಿಡಿದು, ತಾಳಬೆಟ್ಟವನ್ನು ಹತ್ತಿ ಮಲೆ ಮಹದೇಶ್ವರನ, ಅಂದರೆ ನಮ್ಮ ಮಾದಪ್ಪನ ಸನ್ನಿಧಿಗೆ ನಡೆಯಲಿದ್ದಾರೆ. ಇಂಥ ಸಮಯದಲ್ಲಿ ಚಾಮರಾಜನಗರ ಜಿಲ್ಲೆಯ ಆಚರಣೆಯ ಕಲೆಗಳನ್ನು ಕುರಿತು ಮಾತನಾಡಲು ನನ್ನನ್ನು ಕರೆದಿದ್ದೀರಿ. ಇಂದು ಬೆಳಗ್ಗೆ ನಮ್ಮನ್ನು ಹೆಬ್ಬಾಗಿಲಿನಿಂದ ಈ ವೇದಿಕೆಯವರೆಗೆ ಕಂಸಾಳೆಯವರು ಕುಣಿಯುತ್ತ ಕರೆತಂದರು. ನಾವು ಕುರ್ಚಿಗಳಲ್ಲಿ ಕುಳಿತೆವು, ಅವರು ಹೊರಗೆ ಹೋದರು. ಇದು ಇಂದಿನ ಸಂಘಟಕರೊಬ್ಬರ ಲೋಪವಲ್ಲ. ನಾಡಿನ ಎಲ್ಲ ಸಮಾರಂಭಗಳೂ ಹೀಗೆಯೇ ನಡೆಯುತ್ತಿವೆ. ಅತಿಥಿಯನ್ನು ಕರೆತರುವುದಕ್ಕೆ ಕುಣಿತ ಬೇಕು, ಆ ಕುಣಿತವನ್ನು ಹೊತ್ತುಬಂದ ಕಥೆಯನ್ನು ಕೇಳುವುದಕ್ಕೆ ನಮಗೆ ಪುರುಸೊತ್ತಿಲ್ಲ. ಈ ಮಾತನ್ನು ಇಂದು ನಾನು ಮತ್ತೆ ಮತ್ತೆ ಹೇಳಲಿದ್ದೇನೆ. ದಯವಿಟ್ಟು ಸಹಿಸಿಕೊಳ್ಳಬೇಕು.

ಕಂಸಾಳೆ ಏನೆಂಬುದನ್ನು ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ. ಎಡಗೈಯಲ್ಲಿ ಬಟ್ಟಲಿನಾಕಾರದ ಕಂಚಿನ ತಾಳ, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಗೊಂಡೆಯ ಚಪ್ಪಟೆ ತಾಳ. ಆ ಬಲಗೈ ತಾಳ ಬೆನ್ನ ಹಿಂದೆ, ತಲೆಯ ಮೇಲೆ, ಪಕ್ಕದವನ ಬಟ್ಟಲಿನ ಮೇಲೆ ಬೀಸಿಬಿದ್ದಾಗ ಯಾರ ಮೈಯಾದರೂ ಜುಮ್ಮೆನ್ನುತ್ತದೆ. ಬೀಸು ಕಂಸಾಳೆ ದೂರದ ನಗರಗಳಲ್ಲಿಯೂ ಮೆಚ್ಚುಗೆ ಪಡೆದಿರುವುದು ಇದರಿಂದಲೇ. ಆದರೆ ಈ ತಾಳವನ್ನು ಮೊದಲು ಕೈಯಲ್ಲಿ ಹಿಡಿದವನು ದೇವರಗುಡ್ಡ. ಹರಕೆಯ ಫಲವಾಗಿಯೋ ಮನೆತನದ ಕಟ್ಟಳೆಯಿಂದಲೋ ಗುರುವಿನಿಂದ ದೀಕ್ಷೆ ಪಡೆದು, ರುದ್ರಾಕ್ಷಿ ಧರಿಸಿ, ಜೋಳಿಗೆ ಹಾಕಿಕೊಂಡು, ಮನೆಮನೆಯ ಭಿಕ್ಷಕ್ಕೆ ಹೋಗಿ ಮಾದಪ್ಪನ ಕಥೆಯನ್ನು ಹಾಡುವುದಾಗಿ ಮಾತುಕೊಟ್ಟವನು. ಆತನ ಕೈಯ ತಾಳಕ್ಕೆ ಮುಖ್ಯ ಕೆಲಸ ಹಾಡಿಗೆ ಗತಿ ಕೊಡುವುದು, ಕಥೆ ಕೇಳುತ್ತ ತೂಕಡಿಸುವವರನ್ನು ಎಚ್ಚರಿಸುವುದು. ಬೀಸಾಟ ಅದರ ಒಂದು ಭಾಗ ಮಾತ್ರ.

ಮಾದಪ್ಪನ ಕಾವ್ಯ ಸಾಲುಗಳಲ್ಲಿ, ಅಂದರೆ ಒಂದಾದ ಮೇಲೊಂದು ಬರುವ ಕಥಾಭಾಗಗಳಲ್ಲಿ ಸಾಗುತ್ತದೆ. ಉತ್ತರಾಜಮ್ಮನ ಮಗನಾಗಿ ಮಾದಪ್ಪ ಅವತರಿಸುವ ಹುಟ್ಟಿದ ಸಾಲು, ಅರಗಿನ ಪಾದುಕೆಯ ಉಪಾಯದಿಂದ ಬಂಕಾಪುರಿಯ ಶ್ರವಣ ದೊರೆಯನ್ನು ಸಂಹರಿಸುವ ಸಾಲು, ಆಲಂಬಾಡಿಯ ಜುಂಜೇಗೌಡನಿಂದ ಗುಡಿ ಕಟ್ಟಿಸುವ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು. ಶ್ರವಣನ ಪಾದುಕೆಯನ್ನು ಮಾಡಿಕೊಡುವವನು ಹರಳಯ್ಯ, ಗುಡಿ ಕಟ್ಟಿಸುವವನು ಹಾಲುಮತದ ಗೌಡ, ಮಕ್ಕಳನ್ನು ದೇವರಿಗೆ ಒಪ್ಪಿಸುವವಳು ಸೋಲಿಗರ ಹೆಣ್ಣುಮಗಳು, ಇಂದಿಗೂ ಪೂಜೆ ಮಾಡುವವರು ಬೇಡಗಂಪಣರು. ಒಂದೊಂದು ಸಾಲಿನಲ್ಲಿಯೂ ಒಂದೊಂದು ಸಮುದಾಯ ಮಾದಪ್ಪನ ಜೊತೆ ಜಗಳವಾಡಿ, ಸೋತು, ಆತನ ಭಕ್ತರ ಒಕ್ಕಲಾಗಿ ಸೇರಿಕೊಂಡ ಬಗೆ ದಾಖಲಾಗಿದೆ. ಈ ಸೀಮೆಗೆ ಬೇರೆ ಇತಿಹಾಸಗ್ರಂಥ ಬಹುಕಾಲ ಇರಲಿಲ್ಲ. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದ್ರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ನಮ್ಮ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಗಡಿಗಳು ಹೀಗೆ ಬದಲಾಗುತ್ತಿದ್ದಾಗ ಎಪ್ಪತ್ತೇಳು ಮಲೆಯ ಒಕ್ಕಲನ್ನು ಒಂದಾಗಿ ಹಿಡಿದಿಟ್ಟದ್ದು ಈ ಹಾಡು.

ಇಲ್ಲೊಂದು ಪ್ರಸಂಗವನ್ನು ಹೇಳಬೇಕು. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಇದನ್ನು ಮೊದಲೇ ಕೇಳಿದ್ದಾರೆ. ಆದರೂ ಇದನ್ನು ಬಿಟ್ಟು ನನ್ನ ವಾದ ಮುಂದೆ ಹೋಗುವುದಿಲ್ಲ. ಹನೂರಿನ ಹತ್ತಿರದ ಊರೊಂದರಲ್ಲಿ, ರಾಗಿ ಒಕ್ಕಣೆ ಮುಗಿದ ಮೇಲೆ, ಒಂದು ಮನೆಯವರು ಹರಕೆ ತೀರಿಸುವುದಕ್ಕಾಗಿ ಮಾದಪ್ಪನ ಕಥೆ ಮಾಡಿಸಿದ್ದರು. ಧ್ವನಿಮುದ್ರಣ ಯಂತ್ರವನ್ನು ಹಿಡಿದುಕೊಂಡು ನಾವೂ ಹೋಗಿದ್ದೆವು. ನಮಗೆ ಬೇಕಾಗಿದ್ದುದು ಸಂಕಮ್ಮನ ಸಾಲು ಮಾತ್ರ. ಜಗಲಿಯ ಮೇಲೆ ದೀಪ ಹಚ್ಚಿ, ಕಂಸಾಳೆಗೆ ವಿಭೂತಿ ಹಚ್ಚುತ್ತಿದ್ದ ಹಿರಿಯ ಗುಡ್ಡಪ್ಪನವರನ್ನು, ‘ನೇರವಾಗಿ ಸಂಕಮ್ಮನ ಕಥೆಗೇ ಬರಬಹುದೇ?’ ಎಂದು ನಮ್ಮವರೊಬ್ಬರು ಕೇಳಿದರು. ಆ ಹಿರಿಯರು ಸಿಟ್ಟಾಗಲಿಲ್ಲ. ‘ಬುದ್ಧೀ, ಮಾದಪ್ಪ ಇನ್ನೂ ಹುಟ್ಟೇ ಇಲ್ಲ. ಹುಟ್ಟದೆ ಇರೋನು ಸಂಕಮ್ಮನ ಕಷ್ಟಕ್ಕ ಹೆಂಗ ಬಂದಾನು?’ ಎಂದರು. ಹಟ್ಟಿಯವರೆಲ್ಲ ನಕ್ಕರು, ನಾವೂ ನಕ್ಕೆವು. ಅವರು ‘ಉಘೇ ಉಘೇ ಮಾದಪ್ಪ’ ಎಂದು ದನಿಯೆತ್ತಿ ಹುಟ್ಟಿದ ಸಾಲಿನಿಂದಲೇ ಆರಂಭಿಸಿದರು.

ಮಾದಪ್ಪ ಹುಟ್ಟಿದ, ಬೆಳೆದ, ಶ್ರವಣನನ್ನು ಸುಟ್ಟ, ಏಳುಮಲೆಗೆ ಬಂದ. ಮಧ್ಯರಾತ್ರಿ ಕಳೆಯಿತು. ಮಕ್ಕಳು ಕಂಬಳಿಯ ಮೇಲೆ ಬಿದ್ದಲ್ಲೇ ನಿದ್ದೆಹೋದವು. ಹೆಂಗಸರಲ್ಲಿ ಅನೇಕರು ಎದ್ದು ಒಳಗೆ ಹೋಗಿ ಮಲಗಿದ್ದರು. ಕೋಳಿ ಕೂಗುವುದಕ್ಕೆ ಇನ್ನೂ ಹೊತ್ತಿರುವಾಗ ಕಥೆ ಸೋಲಿಗರ ಗುಡಿಸಲಿನ ಬಾಗಿಲಿಗೆ ಬಂತು. ಆಗ ಒಬ್ಬ ಮುದುಕಿ ಎದ್ದು ಒಳಮನೆಯ ಬಾಗಿಲಲ್ಲಿ ನಿಂತು, ‘ಏಳ್ರವ್ವ, ಸಂಕಮ್ಮ ಬಂದ್ಲು’ ಎಂದು ಕೂಗಿದರು. ಮಲಗಿದ್ದವರೆಲ್ಲ ಸೆರಗು ಸರಿಮಾಡಿಕೊಂಡು ಹೊರಗೆ ಬಂದು ಕುಳಿತರು. ಕಾಡಿಗೆ ಹೋಗುವ ಗಂಡ ನೀಲೇಗೌಡ ಹೆಂಡತಿಯ ನಡತೆಗೆ ಆಣೆಯ ಭಾಷೆ ಕೇಳುತ್ತಾನೆ. ತನ್ನ ಶೀಲಕ್ಕೆ ತಾನೇ ಸಾಕ್ಷಿ ಎಂಬಂತೆ ಸಂಕಮ್ಮ ಭಾಷೆ ಕೊಡಲು ಒಪ್ಪುವುದಿಲ್ಲ. ಆತ ಅವಳನ್ನು ಹಿಂಸಿಸಿ, ಕಟ್ಟಿಹಾಕಿ ಹೋಗುತ್ತಾನೆ. ಹಾಡು ಇಷ್ಟರಲ್ಲಿರುವಾಗ ಅದೇ ಮುದುಕಿ ಗಾಯಕರನ್ನು ತಡೆದರು. ‘ಗುಡ್ಡಪ್ಪಾ, ಭಾಷೆ ಕೊಡ್ನಾರೆ ಅಂದ್ಳಲ್ಲ, ಆ ಮಾತ ಬುಟ್ಬುಟ್ಯಲ್ಲಪ್ಪ.’ ಗಾಯಕರು ತಾಳ ನಿಲ್ಲಿಸಿ, ಆಕೆಗೆ ಕೈಮುಗಿದು, ಹಿಂದಕ್ಕೆ ಹೋಗಿ, ಸಂಕಮ್ಮ ಗಂಡನಿಗೆ ಕೊಟ್ಟ ಉತ್ತರವನ್ನು ಇಡಿಯಾಗಿ ಹಾಡಿ ಮುಂದುವರಿದರು.

ಗೆಳೆಯರೇ, ಆ ಮುದುಕಿಯನ್ನು ನಾವು ಯಾವ ಪಟ್ಟಿಯಲ್ಲಿ ಸೇರಿಸುತ್ತೇವೆ? ಆಕೆ ಕಲಾವಿದೆಯಲ್ಲ, ಆದ್ದರಿಂದ ಆಕೆಗೆ ಮಾಸಾಶನವಿಲ್ಲ, ಪ್ರಶಸ್ತಿಯಿಲ್ಲ. ಆದರೆ ಗಂಡನ ಅನುಮಾನಕ್ಕೆ ಹೆಣ್ಣೊಬ್ಬಳು ಕೊಟ್ಟ ಉತ್ತರವನ್ನು ಒಂದು ಪದವೂ ಸೋರದಂತೆ ಕಾಪಾಡುತ್ತಿದ್ದವರು ಆಕೆ. ಬಾಯಿಂದ ಬಾಯಿಗೆ ಸಾಗುವ ಕಾವ್ಯಕ್ಕೆ ಕೇಳುಗರೇ ಕಾವಲು. ಹತ್ತು ನಿಮಿಷದ ವೇದಿಕೆ ಗಾಯಕನನ್ನು ನರ್ತಕನನ್ನಾಗಿ ಮಾಡುವುದಷ್ಟೇ ಅಲ್ಲ, ಇಂಥ ಕೇಳುಗರು ಹುಟ್ಟುವ ಜಾಗವನ್ನೇ ಇಲ್ಲವಾಗಿಸುತ್ತದೆ. ಬೀಸು ಕಂಸಾಳೆಯ ತಂಡ ತಪ್ಪು ಮಾಡಿದರೆ ತಾಳ ತಪ್ಪಿತೆಂದು ಯಾರಾದರೂ ಹೇಳಬಲ್ಲರು. ಕಥೆ ತಪ್ಪಿದರೆ ಹೇಳುವವರು ಎಲ್ಲಿದ್ದಾರೆ?

ವೇದಿಕೆಯಿಂದ ಆದ ಒಳಿತನ್ನು ನಾನು ಅಲ್ಲಗಳೆಯುವುದಿಲ್ಲ. ಊರಾಚೆ ನಿಲ್ಲುತ್ತಿದ್ದವರಿಗೆ ಸಭೆಯ ಮಧ್ಯದಲ್ಲಿ ಗೌರವ ಸಿಕ್ಕಿದೆ, ಕೈಗೆ ನಾಲ್ಕು ಕಾಸು ಬಂದಿದೆ, ಕಾಲೇಜಿನ ಹೆಣ್ಣುಮಕ್ಕಳು ಕಂಸಾಳೆ ಹಿಡಿದಿದ್ದಾರೆ. ಇದು ಸಣ್ಣ ಸಂಗತಿಯಲ್ಲ. ಆದರೆ ಕಂಸಾಳೆ ಕಲಿತ ಆ ಮಕ್ಕಳಿಗೆ ಸಂಕಮ್ಮ ಯಾರೆಂದು ತಿಳಿಯದಿದ್ದರೆ, ನಾವು ಅವರಿಗೆ ಕೊಟ್ಟದ್ದು ಕಂಚನ್ನು ಮಾತ್ರ.

ಈ ಸೀಮೆಯ ಇನ್ನೊಬ್ಬ ಗುರು ಮಂಟೇಸ್ವಾಮಿಯ ಪರಂಪರೆಯಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ, ಏಕೆಂದರೆ ತಂಬೂರಿ, ಗಗ್ಗರ, ದಮ್ಮಡಿ ಹಿಡಿದು ಹಾಡುವ ನೀಲಗಾರರ ಬಳಿ ವೇದಿಕೆಗೆ ಒಗ್ಗುವ ನೆಗೆತವಿಲ್ಲ. ಇರುವುದೆಲ್ಲ ಕಥೆಯೇ. ಬಸವಣ್ಣನ ಕಲ್ಯಾಣಕ್ಕೆ ಕುಷ್ಠರೋಗಿಯ ವೇಷದಲ್ಲಿ ಹೋಗಿ, ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರ ನಡುವೆ ನಿಜಶರಣರನ್ನು ಹುಡುಕುವ ಪರಂಜ್ಯೋತಿ ಮಂಟೇಸ್ವಾಮಿಯ ಕಥೆಯನ್ನು, ಕಬ್ಬಿಣದ ಭಿಕ್ಷಕ್ಕಾಗಿ ಹಲಗೂರಿಗೆ ಹೋದ ಆತನ ಶಿಷ್ಯ ಸಿದ್ಧಪ್ಪಾಜಿ ಕಮ್ಮಾರ ಪಾಂಚಾಳರ ಮುಂದೆ ಪವಾಡ ಗೆದ್ದ ಕಥೆಯನ್ನು ಹತ್ತು ನಿಮಿಷಕ್ಕೆ ಇಳಿಸುವುದು ಸಾಧ್ಯವೇ ಇಲ್ಲ. ಆದ್ದರಿಂದ ಕಂಸಾಳೆಯವರಿಗೆ ದೊರೆತ ಕರೆ ನೀಲಗಾರರಿಗೆ ಅಷ್ಟಾಗಿ ದೊರೆಯಲಿಲ್ಲ. ಅವರನ್ನು ಕೇಳಬೇಕಾದರೆ ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿಗೆ, ಶಿವರಾತ್ರಿಯಿಂದ ಯುಗಾದಿಯ ಸುಮಾರಿಗೆ ನೆರೆಯ ಮೈಸೂರು ಜಿಲ್ಲೆಯ ಕಪ್ಪಡಿಗೆ ಹೋಗಬೇಕು.

ಚಿಕ್ಕಲ್ಲೂರು ಸಿದ್ಧಪ್ಪಾಜಿಯ ನೆಲೆ. ಅಲ್ಲಿಯ ಐದು ದಿನದ ಜಾತ್ರೆ ಚಂದ್ರಮಂಡಲದಿಂದ ಮೊದಲಾಗುತ್ತದೆ. ಬಿದಿರಿನಿಂದ ಕಟ್ಟಿ ಬಟ್ಟೆ ಸುತ್ತಿದ ಆ ಮಂಡಲವನ್ನು ಸಿದ್ಧಗೊಳಿಸುವುದರಲ್ಲಿ ಸುತ್ತಲಿನ ಊರುಗಳ ಬೇರೆ ಬೇರೆ ಜಾತಿಯವರಿಗೆ ಪಾಲಿದೆ. ಅದಕ್ಕೆ ಹಚ್ಚಿದ ಉರಿ ಯಾವ ದಿಕ್ಕಿಗೆ ಹೆಚ್ಚು ಬೆಳಗುತ್ತದೆಯೋ ಆ ದಿಕ್ಕಿಗೆ ಮಳೆಬೆಳೆ ಚೆನ್ನಾಗಿ ಆಗುತ್ತದೆಂದು ಜನ ನಂಬುತ್ತಾರೆ. ಮುಡಿಸೇವೆ ಮುಗಿದ ಮೇಲೆ ಪಂಕ್ತಿಸೇವೆ. 1959ರ ಪ್ರಾಣಿಬಲಿ ತಡೆ ಕಾಯ್ದೆಯನ್ನು ಮುಂದಿಟ್ಟುಕೊಂಡು ಈ ಸೇವೆಯ ಬಗ್ಗೆ ನಡೆದಿರುವ ವಾದವಿವಾದ ನಿಮಗೆ ತಿಳಿದದ್ದೇ. ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಬಿಡಾರಗಳಲ್ಲಿ ಬಾಡೂಟ ಮಾಡಿ ಜಾತಿಯ ಗೆರೆಯಿಲ್ಲದೆ ಸಾಲಾಗಿ ಕುಳಿತು ಉಣ್ಣುವುದು ಆ ಸೇವೆಯ ತಿರುಳು. ಕಲ್ಯಾಣದ ಬಾಗಿಲಲ್ಲಿ ತಡೆಯಲ್ಪಟ್ಟ ಗುರುವಿನ ಕಥೆಯನ್ನು ಬಲ್ಲವರು, ಆ ಪಂಕ್ತಿಯಲ್ಲಿ ಯಾರು ಏನು ಉಣ್ಣಬೇಕೆಂದು ಹೊರಗೆ ನಿಂತು ತೀರ್ಮಾನಿಸಲು ಹಿಂಜರಿಯುತ್ತಾರೆ. ಇಲ್ಲಿಯೂ ನಾನು ಕಥೆಯ ಕಡೆಗೇ ಬಂದೆ, ನೋಡಿ.

ಅಧ್ಯಕ್ಷರು ಚೀಟಿ ಕಳುಹಿಸಿದ್ದಾರೆ. ಬಿಳಿಗಿರಿರಂಗನ ಬೆಟ್ಟದ ಭಾಗವನ್ನು ವಿಸ್ತಾರವಾಗಿ ಹೇಳಬೇಕೆಂದಿದ್ದೆ, ಈಗ ಕೆಲವೇ ಮಾತುಗಳಲ್ಲಿ ಮುಗಿಸಬೇಕು. ರಂಗನಾಥ ಸೋಲಿಗರ ಕುಸುಮಾಲೆಯನ್ನು ಮದುವೆಯಾದದ್ದರಿಂದ ಸೋಲಿಗರಿಗೆ ಆತ ಭಾವ. ಭಾವನೆಂದ ಮೇಲೆ ಪೂಜೆಯಷ್ಟೇ ಸಲಿಗೆಯೂ ಉಂಟು; ದೇವರನ್ನು ಗದರಿಸುವ, ಛೇಡಿಸುವ ಹಕ್ಕನ್ನು ಅವರು ಯಾರಿಗೂ ಬಿಟ್ಟುಕೊಟ್ಟಿಲ್ಲ. ಆ ರಂಗಪ್ಪನಿಗೆ ಬೂದಿತಿಟ್ಟು ಊರಿನ ಚಮ್ಮಾರರು ಎರಡು ವರ್ಷಕ್ಕೊಮ್ಮೆ ಚರ್ಮದ ದೊಡ್ಡ ಪಾದುಕೆಗಳನ್ನು ಮಾಡಿ ಒಪ್ಪಿಸುತ್ತಾರೆ, ಭಕ್ತರು ಅವನ್ನು ತಲೆಗೆ ಮುಟ್ಟಿಸಿಕೊಳ್ಳುತ್ತಾರೆ. ಶ್ರವಣನ ಪಾದುಕೆಯನ್ನು ಮಾಡಿದ ಹರಳಯ್ಯನನ್ನು ಇಲ್ಲಿ ನೆನೆಯಿರಿ. ಎರಡು ಬೆಟ್ಟಗಳಲ್ಲಿಯೂ ದೇವರ ಕೆಲಸ ಚಮ್ಮಾರರ ಕೈಯಿಲ್ಲದೆ ನಡೆಯುವುದಿಲ್ಲ. ದೀಪಾವಳಿಯಲ್ಲಿ ಬೇಡಗಂಪಣರ 101 ಹೆಣ್ಣುಮಕ್ಕಳು ಹಾಲಹಳ್ಳದಿಂದ ಮಾದಪ್ಪನಿಗೆ ನೀರು ಹೊತ್ತು ತರುವ ಹಾಲರವಿಯ ಬಗ್ಗೆ, ಕರಡಿಕೂದಲಿನ ಕುಲಾವಿ ತೊಟ್ಟು ಡಮರು, ಕೊಳಲು ನುಡಿಸುವ ಮೈಲಾರಲಿಂಗನ ಗೊರವರ ಬಗ್ಗೆ, ಸೋಲಿಗರ ರೊಟ್ಟಿಹಬ್ಬದ ಬಗ್ಗೆ ಮಾಡಿಕೊಂಡ ಟಿಪ್ಪಣಿಗಳನ್ನು ಬದಿಗಿಡುತ್ತಿದ್ದೇನೆ.

ಕೊನೆಯದಾಗಿ ಒಂದು ಕೋರಿಕೆಯಿದೆ. ಪ್ರತಿ ತಾಲ್ಲೂಕಿನಲ್ಲಿಯೂ ವರ್ಷಕ್ಕೆ ಒಂದು ರಾತ್ರಿಯನ್ನಾದರೂ ಕಥೆಗೆ ಮೀಸಲಿಡಬೇಕು. ಅದು ಸಭಾಂಗಣದಲ್ಲಿ ಬೇಡ. ಒಕ್ಕಲಿನ ಹಟ್ಟಿಯಲ್ಲೋ ಗುಡಿಯ ಅಂಗಳದಲ್ಲೋ ಆಗಲಿ. ಭಾಷಣಗಳಿರಬಾರದು, ನನ್ನ ಭಾಷಣವೂ ಇರಬಾರದು. ಗುಡ್ಡರಿಗೂ ನೀಲಗಾರರಿಗೂ ಇಡೀ ರಾತ್ರಿಯ ಹಾಡಿಗೆ ತಕ್ಕ ಸಂಭಾವನೆಯನ್ನು ಮೊದಲೇ ಕೊಡಬೇಕು. ಧ್ವನಿಮುದ್ರಣ ಮಾಡುವವರು ಹಾಡಿದವರ ಹೆಸರಿನ ಜೊತೆಗೆ, ನಡುವೆ ಬಾಯಿಹಾಕಿ ತಿದ್ದಿದವರ ಮಾತನ್ನೂ ಬರೆದುಕೊಳ್ಳಬೇಕು. ಅಧ್ಯಾಪಕರು ಕಂಸಾಳೆ ಕಲಿಯುತ್ತಿರುವ ವಿದ್ಯಾರ್ಥಿಗಳನ್ನು ಬೆಳಗಿನವರೆಗೆ ಅಲ್ಲಿ ಕೂರಿಸಬೇಕು; ಅವರು ನಡುವೆ ನಿದ್ದೆಮಾಡಿದರೆ ಮಾಡಲಿ, ಎಬ್ಬಿಸುವವರು ಊರಿನಲ್ಲಿ ಇನ್ನೂ ಇದ್ದಾರೆ. ಹನೂರಿನಿಂದ ಬಂದಿರುವ ಇಬ್ಬರು ಗೆಳೆಯರು ಈ ಶಿವರಾತ್ರಿಗೇ ಜಾಗ ಒದಗಿಸಲು ಒಪ್ಪಿದ್ದಾರೆ. ಬರಲು ಇಷ್ಟವಿರುವವರು ಊಟದ ವೇಳೆಯಲ್ಲಿ ಅವರನ್ನು ಕಂಡು ಹೆಸರು ಬರೆಸಬಹುದು. ಪ್ರಶ್ನೆಗಳಿದ್ದರೆ ಅಧ್ಯಕ್ಷರ ಅಪ್ಪಣೆಯಂತೆ ಉತ್ತರಿಸುತ್ತೇನೆ. ನಮಸ್ಕಾರ.