ವಾರದ ಸೂಜಿ, ತೊಡೆಯ ಬಲ

ಕೇಳುಗರಿಗೆಲ್ಲ ನಮಸ್ಕಾರ. ತೂಕ ಇಳಿಸಲು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಬಗ್ಗೆ ಮಾತಾಡಲು ನಿಲಯದವರು ಕರೆದಿದ್ದಾರೆ. ಅದನ್ನು ಈಗಾಗಲೇ ತೆಗೆದುಕೊಳ್ಳುತ್ತಿರುವವರಿಗೆ, ಶುರು ಮಾಡೋಣ ಅಂದುಕೊಂಡವರಿಗೆ, ಅವರಿಗೆ ಅಡುಗೆ ಮಾಡಿ ಬಡಿಸುವವರಿಗೆ ನಾನು ಹೇಳುವುದು ಒಂದೇ ಮಾತು. ಹಸಿವು ಕಡಿಮೆ ಮಾಡುವುದು ಸೂಜಿಯ ಕೆಲಸ. ಸ್ನಾಯು ಉಳಿಸಿಕೊಳ್ಳುವುದು ನಿಮ್ಮ ಕೆಲಸ.

ಊಟ ಮಾಡಿದಾಗ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನ್ ಬಿಡುತ್ತದೆ. ಹೊಟ್ಟೆ ತುಂಬಿತು, ಸಾಕು ಅಂತ ಮಿದುಳಿಗೆ ಸುದ್ದಿ ಮುಟ್ಟಿಸುವುದು ಅದೇ. ಆದರೆ ಎರಡು ಮೂರು ನಿಮಿಷದಲ್ಲಿ ಅದು ಕರಗಿಹೋಗುತ್ತದೆ. ಸೆಮಾಗ್ಲುಟೈಡ್ ಎಂಬ ಔಷಧ ಅದೇ ಸುದ್ದಿಯನ್ನು ವಾರವಿಡೀ ಹೇಳುತ್ತಲೇ ಇರುತ್ತದೆ. ಟಿರ್ಜೆಪಟೈಡ್ ಎಂಬ ಮತ್ತೊಂದು ಔಷಧ ಇದರ ಜೊತೆಗೆ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. 2025ರಲ್ಲಿ ವಿಗೋವಿ, ಮೌಂಜಾರೊ ಹೆಸರಿನಲ್ಲಿ ಇವು ನಮ್ಮ ಔಷಧದ ಅಂಗಡಿಗಳಿಗೂ ಬಂದವು. ತೂಕ ಇಳಿಯುತ್ತದೆಯೇ? ಖಂಡಿತ ಇಳಿಯುತ್ತದೆ. ಸೆಮಾಗ್ಲುಟೈಡ್‌ನ ದೊಡ್ಡ ಪರೀಕ್ಷೆಯಲ್ಲಿ 68 ವಾರಕ್ಕೆ ಸರಾಸರಿ ಶೇ. 15ರಷ್ಟು ಇಳಿಯಿತು. ಆದರೆ ಇಳಿದದ್ದೆಲ್ಲ ಕೊಬ್ಬಲ್ಲ! ಅವರಲ್ಲಿ ಕೆಲವರನ್ನು ಸ್ಕ್ಯಾನ್ ಮಾಡಿ ನೋಡಿದಾಗ, ಹೋದ ತೂಕದಲ್ಲಿ ಸುಮಾರು ಶೇ. 40ರಷ್ಟು ಕೊಬ್ಬಲ್ಲದ ಭಾಗ, ಸ್ನಾಯು ಸೇರಿದ ಭಾಗ.

ನನ್ನ ಹತ್ತಿರ ಬರುವ ಒಬ್ಬ ಮೇಡಂ ವಿಷಯ ಹೇಳುತ್ತೇನೆ. ಶಾಲೆಯಲ್ಲಿ ಪಾಠ ಹೇಳುವವರು, ನಿವೃತ್ತಿ ಹತ್ತಿರ. ಒಂಬತ್ತು ತಿಂಗಳಲ್ಲಿ 15 ಕೆ.ಜಿ. ಇಳಿದಿದ್ದರು. ಕುಪ್ಪಸಗಳನ್ನೆಲ್ಲ ಎರಡೆರಡು ಸಲ ಹಿಡಿಸಿದ್ದಾಯಿತು. ಆ ಖುಷಿಯಲ್ಲೇ ಅಕ್ಕನ ಮಗನ ಮದುವೆಗೆ ಊರಿಗೆ ಹೋದರು. ಅಲ್ಲಿ ಇನ್ನೂ ನೆಲದ ಪಂಕ್ತಿ. ಊಟ ಮುಗಿದು ಸಾಲಿನವರೆಲ್ಲ ಕೈ ತೊಳೆಯಲು ಎದ್ದರು. ಇವರು ಎಡಗೈ ಊರಿದರು, ಮಂಡಿ ಮಡಚಿದರು, ಅರ್ಧ ಎದ್ದು ಮತ್ತೆ ಕುಸಿದು ಕೂತರು. ಎಂಜಲು ಎಲೆ ತೆಗೆಯುವ ಹುಡುಗ ಬುಟ್ಟಿ ಹಿಡಿದು ಎದುರಿಗೆ ನಿಂತಿದ್ದಾನೆ. ಕೊನೆಗೆ ಇಬ್ಬರು ಹುಡುಗಿಯರು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದರು. ನನ್ನ ಮುಂದೆ ಅದನ್ನು ಹೇಳುವಾಗ ಅವರ ಕಣ್ಣಲ್ಲಿ ನೀರು.

ಏನು ಊಟ ಮಾಡ್ತೀರಿ ಅಂತ ಕೇಳಿದೆ. "ಬೆಳಿಗ್ಗೆ ಅರ್ಧ ಇಡ್ಲಿ ಡಾಕ್ಟ್ರೇ. ಮಧ್ಯಾಹ್ನ ಎರಡು ತುತ್ತು ಮೊಸರನ್ನ. ರಾತ್ರಿ ಒಂದು ಲೋಟ ತಿಳಿಸಾರು." ತಿಳಿಸಾರಿನಲ್ಲಿ ಬೇಳೆ ಎಲ್ಲಿದೆ ಹೇಳಿ? ತೊಡೆಯ ಬಲ ನೋಡಲು, ಕೈ ಕಟ್ಟಿಕೊಂಡು ಕುರ್ಚಿಯಿಂದ ಎದ್ದು ಕೂರಲು ಹೇಳಿದೆ. ಅರ್ಧ ನಿಮಿಷದಲ್ಲಿ ನಾಲ್ಕೇ ಸಲ. ಔಷಧ ನಿಲ್ಲಿಸಲಿಲ್ಲ, ತಟ್ಟೆ ಬದಲಾಯಿಸಿದೆವು. ಮೊದಲ ತುತ್ತು ಸ್ನಾಯುವಿಗೆ ಬೇಕಾದ ಪ್ರೋಟೀನಿನದು: ಹೆಸರುಕಾಳು ಉಸಲಿ, ಹುರಳಿಕಾಳು ಪಲ್ಯ, ಪನೀರ್, ಗಟ್ಟಿ ಮೊಸರು. ಹೊಟ್ಟೆಯಲ್ಲಿ ಜಾಗ ಉಳಿದರೆ ಅನ್ನ. ಮೊಟ್ಟೆ, ಮೀನು ತಿನ್ನುವವರಿಗೆ ಇನ್ನೂ ಸುಲಭ, ಒಂದು ಮೊಟ್ಟೆಯಲ್ಲೇ 6 ಗ್ರಾಂ ಪ್ರೋಟೀನ್ ಇದೆ. ದಿನಾ ಬೆಳಿಗ್ಗೆ ರೇಡಿಯೋದಲ್ಲಿ ಪ್ರದೇಶ ಸಮಾಚಾರ ಮುಗಿಯುವವರೆಗೆ ಕುರ್ಚಿಯಿಂದ ಏಳುವುದು, ಕೂರುವುದು, ಸುಸ್ತಾದರೆ ನಿಲ್ಲುವುದು, ಮತ್ತೆ ಏಳುವುದು. ಮೂರು ತಿಂಗಳಿಗೆ ನಾಲ್ಕು ಹನ್ನೆರಡಾಯಿತು. ತಕ್ಕಡಿ ಮೇಲೆ ಹತ್ತುವುದೇ ಬೇಡ, ಮೊದಲು ಕುರ್ಚಿ ಪರೀಕ್ಷೆ ಮಾಡಿ ಅಂತ ಈಗ ಅವರೇ ಕೇಳುತ್ತಾರೆ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಸೆಮಾಗ್ಲುಟೈಡ್ ವಾರಕ್ಕೆ 0.25 ಮಿ.ಗ್ರಾಂನಿಂದ ಶುರು, ಮೊದಲ ನಾಲ್ಕು ವಾರ ಅದೇ ಪ್ರಮಾಣ. ಪಕ್ಕದ ಮನೆಯವರು ಏರಿಸಿದರು ಅಂತ ನೀವು ಏರಿಸಬೇಡಿ, ದಯವಿಟ್ಟು! ವಾಂತಿ ಬಂದರೆ ಕಾಳೂ ನಿಲ್ಲುವುದಿಲ್ಲ, ಸ್ನಾಯುವೂ ಉಳಿಯುವುದಿಲ್ಲ. ಹೊಟ್ಟೆನೋವು ಜೋರಾಗಿ ಬೆನ್ನಿಗೆ ಹೊಡೆದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಮಗು ಬೇಕೆನ್ನುವವರು ಸೆಮಾಗ್ಲುಟೈಡ್ ಅನ್ನು ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಇನ್ನು, ತೂಕ ಇಳಿಯಿತು ಅಂತ ಸೂಜಿ ಬಿಟ್ಟವರಲ್ಲಿ ಒಂದೇ ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಭಾಗ ವಾಪಸು ಬಂದಿದೆ. ಬಿಡುವ ಮಾತನ್ನೂ ವೈದ್ಯರ ಹತ್ತಿರವೇ ಆಡಿ.

ಈಗ ಒಂದು ಕುರ್ಚಿ ತಂದು ಗೋಡೆಗೆ ಒತ್ತಿ ಇಡಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಕೈ ಕಟ್ಟಿಕೊಂಡು ಅರ್ಧ ನಿಮಿಷದಲ್ಲಿ ಎಷ್ಟು ಸಲ ಎದ್ದಿರಿ ಅಂತ ಎಣಿಸಿ, ಔಷಧದ ಚೀಟಿಯ ಹಿಂದೆ ಬರೆದಿಟ್ಟುಕೊಳ್ಳಿ. ನಮಸ್ಕಾರ.