ಹೆಡ್ ನೇರ ಇದೆಯಾ? ಡಯಲ್ ಹೇಳಲಿ

ಕೇಳುಗರಿಗೆ ನಮಸ್ಕಾರ. ಮಿಲ್ಲಿಂಗ್ ಮೆಷಿನ್ನಿನ ಹೆಡ್, ಅಂದರೆ ತಿರುಗುವ ಕಟರನ್ನು ಹಿಡಿಯುವ ಮೇಲಿನ ಭಾಗ, ಟೇಬಲ್ಲಿಗೆ ನೇರವಾಗಿ ನಿಂತಿದೆಯಾ ಅಂತ ನೋಡುವುದು ಹೇಗೆ ಎಂಬುದೇ ಇವತ್ತಿನ ಮಾತು.

ಮಂಗಳೂರಿನ ಬೈಕಂಪಾಡಿಯ ನಮ್ಮ ಸಣ್ಣ ವರ್ಕ್‌ಶಾಪಿಗೆ ಒಮ್ಮೆ ಬೋಟು ನಿಲ್ಲುವ ದಕ್ಕೆಯಿಂದ ಬೋಟಿನ ಕೆಲಸ ಬಂದಿತ್ತು. ಎಂಜಿನ್ ಕೂರಿಸುವ ಪಟ್ಟಿಗಳು, 75 ಎಂ.ಎಂ. ಅಗಲ. ಮುಖ ಸಮ ಮಾಡುವ 80 ಎಂ.ಎಂ. ಫೇಸ್ ಕಟರ್ ಹಾಕಿ ಒಂದೇ ಪಾಸಿನಲ್ಲಿ ಹೊಡೆದೆವು. ನೋಡಲಿಕ್ಕೆ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಸರ್ಫೇಸ್ ಪ್ಲೇಟ್ ಎಂಬ ಸಪಾಟು ಹಲಗೆಯ ಮೇಲೆ ಕವುಚಿ ಇಟ್ಟು ತುದಿಯಿಂದ 0.05 ಎಂ.ಎಂ. ದಪ್ಪದ ಫೀಲರ್ ತಗಡು ತೂರಿಸಿದರೆ, ನಡುವೆ ಸಲೀಸಾಗಿ ಒಳಗೆ ಹೋಯಿತು. ಪಟ್ಟಿ ಉದ್ದಕ್ಕೂ ದೋಣಿಯ ಹಾಗೆ ತಗ್ಗಾಗಿತ್ತು.

ಕಾರಣ ಏನು ಗೊತ್ತಾ? ಹಿಂದಿನ ವಾರ ಹೆಡ್ಡನ್ನು ಓರೆ ಮಾಡಿ ಬೇರೊಂದು ಕೆಲಸ ಮಾಡಿದ್ದೆವು. ಆಮೇಲೆ ಡಿಗ್ರಿ ಗೆರೆ ನೋಡಿ ಸೊನ್ನೆಗೆ ತಂದು ಬಿಗಿದಿದ್ದೆವು. ಏರುತಗ್ಗನ್ನು ಮುಳ್ಳಿನಿಂದ ತೋರಿಸುವ ಡಯಲನ್ನು ಸ್ಪಿಂಡಲ್ಲಿಗೆ, ಅಂದರೆ ಕಟರನ್ನು ತಿರುಗಿಸುವ ದಂಡಕ್ಕೆ, ಸಿಕ್ಕಿಸಿ ಟೇಬಲ್ ಮೇಲೆ ಸುತ್ತಿಸಿ ನೋಡಿದರೆ 200 ಎಂ.ಎಂ. ಅಡ್ಡಳತೆಯ ಸುತ್ತಿನಲ್ಲಿ ಅರ್ಧ ಎಂ.ಎಂ. ವ್ಯತ್ಯಾಸ! ಅಂದರೆ ಒಂದು ಡಿಗ್ರಿಯ ಏಳನೇ ಒಂದು ಪಾಲು. ಆ ದಪ್ಪ ಗೆರೆಯಲ್ಲಿ ಅಷ್ಟನ್ನು ಯಾವ ಕಣ್ಣೂ ಹಿಡಿಯಲಾರದು.

ಹಾಗಾದರೆ ಹೆಡ್ ನೇರ ಮಾಡಲು ಯಾವ ಸಾಮಾನು ಕೊಳ್ಳಬೇಕು? ಹೊಸದಾಗಿ ಮೆಷಿನ್ ಹಾಕಿದ ಹುಡುಗರು ನನ್ನ ಹತ್ತಿರ ಜಾಸ್ತಿ ಕೇಳುವ ಪ್ರಶ್ನೆ ಇದು. ಎರಡು ಡಯಲ್ ಇರುವ ರೆಡಿ ಸಾಧನವೊಂದು ಸಿಗುತ್ತದೆ. ಸ್ಪಿಂಡಲ್‌ಗೆ ಸಿಕ್ಕಿಸಿದರೆ ಎಡ ಬಲ ಎರಡೂ ಕಡೆ ಒಟ್ಟಿಗೆ ಕಾಣುತ್ತದೆ. ದಿನಕ್ಕೆರಡು ಸಲ ಹೆಡ್ ತಿರುಗಿಸುವವರಿಗೆ ಅದು ಒಳ್ಳೆಯದೇ. ಆದರೆ ಮೊದಲು ಎರಡೂ ಡಯಲನ್ನು ಟೇಬಲ್ಲಿನ ಒಂದೇ ಜಾಗದ ಮೇಲೆ ತಂದು ಸೊನ್ನೆ ಮಾಡಬೇಕು. ಒಂದನ್ನು ಇಟ್ಟು ಸೊನ್ನೆ ಮಾಡಿ, ಸ್ಪಿಂಡಲ್ ಅರ್ಧ ಸುತ್ತು ತಿರುಗಿಸಿ, ಅದೇ ಜಾಗದಲ್ಲಿ ಇನ್ನೊಂದನ್ನು. ಇದನ್ನು ಬಿಟ್ಟರೆ ಸಾಧನದ ಓರೆಯೇ ಹೆಡ್ಡಿಗೂ ಬರುತ್ತದೆ.

ನನ್ನನ್ನು ಕೇಳಿದರೆ, ದುಡ್ಡನ್ನು ಸಣ್ಣ ಮೂತಿ ಮೇಲೆ ಕೆಳಗೆ ಆಡುವ ಒಂದು ಒಳ್ಳೆಯ ಲಿವರ್ ಡಯಲ್‌ಗೆ ಹಾಕಿ. ಒಂದು ಗೆರೆಗೆ 0.01 ಎಂ.ಎಂ. ತೋರಿಸುವ, ಒಟ್ಟು 0.8 ಎಂ.ಎಂ. ಓಡುವಂಥದ್ದು ಸಾಕು. 0.002ರದ್ದು ಬೇಡ. ಪಕ್ಕದಲ್ಲಿ ಯಾರಾದರೂ ನಡೆದರೂ ಅದರ ಮುಳ್ಳು ಕುಣಿಯುತ್ತದೆ. ಡಯಲ್ ಹಿಡಿಯುವ ಕೈಯನ್ನು ನೀವೇ ಮಾಡಿಕೊಳ್ಳಬಹುದು. ಸ್ಪಿಂಡಲ್ಲಿನ ಹಿಡಿಕೆಯಾದ ಕೋಲೆಟ್‌ನಲ್ಲಿ ಕೂರುವ ಗಟ್ಟಿ ರಾಡು, ಅದಕ್ಕೆ ಅಡ್ಡ ಇನ್ನೊಂದು ರಾಡು, ತುದಿಗೆ ಕ್ಲಾಂಪ್. ಅಡ್ಡ ರಾಡು ಸ್ವಲ್ಪ ಬಾಗಿದರೂ ಹೆದರಬೇಡಿ, ಸುತ್ತಿನಲ್ಲಿ ಎಲ್ಲಿ ನಿಂತರೂ ಬಾಗು ಅಷ್ಟೇ ಇರುತ್ತದೆ. ಹಾವಿನ ಹಾಗೆ ಬಳುಕುವ ಕೈ ಮಾತ್ರ ಬೇಡ, ಅದು ಮುಟ್ಟಿದರೆ ಜರುಗುತ್ತದೆ.

ಇನ್ನೊಂದು ಸಾಮಾನು ಸ್ಕ್ರ್ಯಾಪ್‌ನಲ್ಲಿ ಸಿಗುತ್ತದೆ. ದೊಡ್ಡ ಬೇರಿಂಗಿನ ಹೊರಗಿನ ರಿಂಗ್. ನನ್ನದು 6220 ನಂಬರಿನದು, 180 ಎಂ.ಎಂ. ಹೊರ ಅಳತೆ. ಎರಡೂ ಮುಖ ಗ್ರೈಂಡ್ ಆಗಿರುತ್ತದೆ. ಟೇಬಲ್ ಮೇಲೆ ಇಟ್ಟರೆ ಡಯಲಿನ ಮೂತಿ ಟೇಬಲ್ಲಿನ ಟಿ-ಸ್ಲಾಟ್ ಕಾಲುವೆಗೆ ಬೀಳದೆ ಸುತ್ತಲೂ ಜಾರುತ್ತದೆ. ತರುವಾಗ ಸರ್ಫೇಸ್ ಪ್ಲೇಟ್ ಮೇಲೆ ಇಟ್ಟು, ಡಯಲ್ ಕೆಳಗೆ ಸುತ್ತಿಸಿ ದಪ್ಪ ಒಂದೇ ಸಮ ಉಂಟಾ ಅಂತ ನೋಡಿಕೊಳ್ಳಿ.

ನಮ್ಮ ಊರಿನ ಒಂದು ತೊಂದರೆಯನ್ನು ಹೇಳಲೇಬೇಕು. ಮಳೆಗಾಲದಲ್ಲಿ ಕಡಲ ಗಾಳಿಗೆ ಟೇಬಲ್ ಮೇಲೆ ಒಂದೇ ರಾತ್ರಿಯಲ್ಲಿ ತುಕ್ಕು ಏಳುತ್ತದೆ. ಅದರ ಮೇಲೆ ರಿಂಗ್ ಇಟ್ಟರೆ ನೀವು ತುಕ್ಕನ್ನು ಅಳೆದ ಹಾಗೆ. ಮೊದಲು ಎಣ್ಣೆಕಲ್ಲಿನಿಂದ ಮೆಲ್ಲಗೆ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಅಂಗೈಯಿಂದ ಸವರಿ ನೋಡಿ. ಡಯಲನ್ನು ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಅದರೊಳಗೆ ಎಣ್ಣೆ ಬಿಡಬೇಡಿ, ಅಂಟಾಗಿ ಮುಳ್ಳು ಸಿಕ್ಕಿಕೊಳ್ಳುತ್ತದೆ.

ಸ್ಪಿಂಡಲನ್ನು ಕೈಯಿಂದಲೇ ತಿರುಗಿಸಿ, ಮೋಟರ್ ಆಫ್ ಇರಲಿ. ಎಡಕ್ಕೆ ಸೊನ್ನೆ ಮಾಡಿ ಬಲಕ್ಕೆ ಹೋಗಿ. ವ್ಯತ್ಯಾಸದ ಅರ್ಧದಷ್ಟು ಸರಿಸಿ, ಮತ್ತೆ ಎಡದಿಂದ ಶುರು. ಆಮೇಲೆ ಹಿಂದೆ ಮುಂದೆ. ಬೋಲ್ಟುಗಳನ್ನು ಒಂದೊಂದಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಕೊನೆಯ ಬಿಗಿತದಲ್ಲೇ ಹೆಡ್ ಡಯಲಿನ ಒಂದೆರಡು ಗೆರೆಯಷ್ಟು ಜಾರುವುದು. ಆದ್ದರಿಂದ ಪೂರ್ತಿ ಬಿಗಿದ ಮೇಲೆ ಮತ್ತೊಮ್ಮೆ ಸುತ್ತಿಸಿ.

ಆಮೇಲೆ ಒಂದು ಹಳೆ ತುಂಡಿನ ಮೇಲೆ ತೆಳ್ಳಗೆ ಒಂದು ಪಾಸ್ ಹೊಡೆದು, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕಟರಿನ ಗೆರೆಗಳು ಎರಡೂ ಕಡೆಯಿಂದ ಬಂದು ಒಂದನ್ನೊಂದು ದಾಟಿದ್ದರೆ ಆ ದಿಕ್ಕಿನಲ್ಲಿ ಹೆಡ್ ನೇರ ಇದೆ. ಒಂದೇ ಕಡೆಯ ಕಮಾನು ಮಾತ್ರ ಕಂಡರೆ, ಪುನಃ ಡಯಲ್ ಹಾಕಿ.

ನಮಸ್ಕಾರ.